ಪರಸಿ ಕಲ್ಲಿನ ನಾಡಿನಲ್ಲಿ ಎರಡು ದಿನ

ಶೈಕ್ಷಣಿಕ ಪ್ರವಾಸವೆಂದರೆ ನಮ್ಮ ಕಲಬುರಗಿ ಸೀಮೆಯ ಶಾಲೆಗಳಲ್ಲಿ ಮೈಸೂರು, ಬೇಲೂರು, ಹಳೇಬೀಡು, ಜೋಗ ಎಂದೇ ಲೆಕ್ಕ. ಸಂಜೆ ಬಸ್ಸು ಹತ್ತಿದರೆ ಬೆಳಗಿನವರೆಗೆ ನಿದ್ದೆ, ವಾಂತಿ, ಮತ್ತೆ ನಿದ್ದೆ. ನಾನೂ ಇಪ್ಪತ್ತೈದು ವರ್ಷ ಹಾಗೆಯೇ ಮಕ್ಕಳನ್ನು ಕರೆದೊಯ್ದವನು. ಅರಮನೆಯ ಮುಂದೆ ಸಾಲಾಗಿ ನಿಲ್ಲಿಸಿ ತೆಗೆಸಿದ ಫೋಟೋಗಳು ನಮ್ಮ ಶಾಲೆಯ ಗೋಡೆಯ ಮೇಲೆ ಇಂದಿಗೂ ಇವೆ. ಆ ಫೋಟೋಗಳಲ್ಲಿ ಇಲ್ಲದ ಮಕ್ಕಳ ನೆನಪು ಮಾತ್ರ ನನಗೆ ಆಗಾಗ ಕಾಡುತ್ತದೆ. ಪ್ರತಿ ವರ್ಷವೂ ಹಣ ಕಟ್ಟಲಾಗದೆ ಹತ್ತು ಹನ್ನೆರಡು ಮಕ್ಕಳು ಊರಲ್ಲೇ ಉಳಿಯುತ್ತಿದ್ದರು. ನಾವು ಮರಳಿ ಬಂದಾಗ ಅವರು ಬಸ್ಸಿನ ಹತ್ತಿರ ಬಂದು ನಿಲ್ಲುತ್ತಿದ್ದರು.

ಹೀಗಾಗಿ ಕಳೆದ ಡಿಸೆಂಬರಿನಲ್ಲಿ ನಾನು ಹಟ ಹಿಡಿದೆ. ದೂರ ಬೇಡ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎರಡೇ ದಿನದಲ್ಲಿ. ಖರ್ಚು ಕಡಿಮೆ, ಎಲ್ಲರೂ ಬರಲಿ. ಪ್ರಾರ್ಥನೆಯ ವೇಳೆ ಈ ವಿಷಯ ಹೇಳಿದ ಕೂಡಲೇ ಮಕ್ಕಳ ಮುಖ ಇಳಿಯಿತು. ಒಬ್ಬ ಹುಡುಗ ಎದ್ದು ನಿಂತು, "ಸರ್, ಮೈಸೂರಿಗಿ ಒಯ್ಯಂಗಿಲ್ಲೇನ್ರಿ? ಶಹಾಬಾದ ದಿನಾ ನೋಡ್ತೀವಲ್ರಿ, ಅದ್ರಾಗ ಏನ್ ನೋಡಾದದರಿ?" ಎಂದು ಕೇಳಿಯೇಬಿಟ್ಟ. ಆಗ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. "ಫೋಟೋ ತೆಗಿಲಿಕ್ಕ ಕೊಡ್ತೀನಿ" ಎಂದೆ. ಸದ್ದು ತುಸು ಅಡಗಿತು.

ನಲವತ್ತೆರಡು ಮಕ್ಕಳು, ಮೂವರು ಶಿಕ್ಷಕರು, ಸಾರಿಗೆ ಸಂಸ್ಥೆಯ ಒಂದು ಬಸ್ಸು. ಶಿಕ್ಷಕರ ಮೂರು ಮೊಬೈಲುಗಳು ಮತ್ತು ನನ್ನ ಹಳೆಯದೊಂದು ಡಿಜಿಟಲ್ ಕ್ಯಾಮೆರಾ. ನಿಯಮವನ್ನು ಮೊದಲೇ ಹೇಳಿದ್ದೆ. ತಲೆಗೆ ಎರಡೇ ಚಿತ್ರ. ಗುಂಡಿ ಒತ್ತುವ ಮುಂಚೆ ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆದು ತೋರಿಸಬೇಕು. ಇದು ಸ್ವಲ್ಪ ಕಠಿಣವಾಯಿತೆಂದು ಕನ್ನಡ ಟೀಚರಿಗೂ ಅನ್ನಿಸಿತು. ಆದರೆ ನಾನು ಕಲಿತದ್ದು ರೀಲಿನ ಕಾಲದಲ್ಲಿ. ಯಾಶಿಕಾ ಕ್ಯಾಮೆರಾಕ್ಕೆ ಒಂದು ರೀಲು ಹಾಕಿದರೆ ಮೂವತ್ತಾರು ಚಿತ್ರ, ಅದನ್ನು ತೊಳೆಸಲು ಕಲಬುರಗಿಗೇ ಹೋಗಬೇಕು, ಸಂಬಳ ಆಗುವತನಕ ಇನ್ನೊಂದು ರೀಲಿಲ್ಲ. ಬಡತನವೇ ನೋಡುವುದನ್ನು ಕಲಿಸಿತ್ತು.

ಮೊದಲ ನಿಲುಗಡೆ ಶಹಾಬಾದಿನ ಕಲ್ಲಿನ ಗಣಿ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಎಷ್ಟೋ ಮನೆಗಳ ನೆಲ, ಅಂಗಳ, ರೈಲು ನಿಲ್ದಾಣಗಳ ಕಟ್ಟೆ ನಮ್ಮ ಪರಸಿಯವು. ನಮ್ಮ ಹಳ್ಳಿಗಳಲ್ಲಂತೂ ಗೋಡೆಯೂ ಅದೇ, ಮಾಳಿಗೆಯೂ ಅದೇ. ಇದು ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಭೀಮಾ ಶ್ರೇಣಿ ಎಂದು ಕರೆಯುವ ಈ ಪದರುಗಳು ಹಲವು ಹತ್ತು ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಕೂತು ಗಟ್ಟಿಯಾದವು. ಚಿಪ್ಪಿನ ಪ್ರಾಣಿಗಳು ಇನ್ನೂ ಹುಟ್ಟಿರದ ಕಾಲ. ಆದ್ದರಿಂದ ಇದರಲ್ಲಿ ಶಂಖ, ಕಪ್ಪೆಚಿಪ್ಪು ಹುಡುಕಿದರೆ ಸಿಗುವುದಿಲ್ಲ.

ನಾನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಸಣ್ಣ ಬಾಟಲಿ ಜೇಬಿನಲ್ಲಿಟ್ಟುಕೊಂಡಿದ್ದೆ. ಒಂದು ಚೂರು ಕಲ್ಲಿನ ಮೇಲೆ ಎರಡು ಹನಿ ಬಿಟ್ಟಾಗ ಭುಸ್ಸೆಂದು ನೊರೆ ಬಂತು. "ಈಗ ಹೊರಗ ಬರಾಕತ್ತಿದ್ದು ಕಾರ್ಬನ್ ಡೈಆಕ್ಸೈಡ್. ಅಷ್ಟು ವರ್ಷದ ಹಿಂದ ಸಮುದ್ರದ ನೀರಿನಾಗ ಇದ್ದದ್ದು" ಎಂದೆ. ಹತ್ತನೇ ತರಗತಿಯ ಪುಸ್ತಕದಲ್ಲಿ ಅವರು ಬಾಯಿಪಾಠ ಮಾಡಿದ ಸಮೀಕರಣವೇ ಅದು. ಬಾಟಲಿಗಾಗಿ ನೂಕುನುಗ್ಗಲಾಯಿತು.

ಅಲ್ಲಿಂದ ಮುಂದೆ ಪಾಠ ಮಾಡಿದ್ದು ನಾನಲ್ಲ. ಎಂಟನೇ ತರಗತಿಯ ಒಬ್ಬ ಹುಡುಗಿ. ತಂದೆ ಗಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸದವನು. ಹಿಂದೆ ಪ್ರವಾಸ ತಪ್ಪಿಸಿಕೊಂಡವರಲ್ಲಿ ಅವಳ ಅಕ್ಕನೂ ಒಬ್ಬಳು. ಪದರು ಯಾವ ಕಡೆ ಬಿಡುತ್ತದೆಂದು ಮೊದಲು ಸುತ್ತಿಗೆಯಿಂದ ಬಡಿದು ಸದ್ದು ಕೇಳಬೇಕು, ಟೊಳ್ಳು ಸದ್ದು ಬಂದರೆ ಒಳಗೆ ಬಿರುಕಿದೆ, ಆಮೇಲೆ ಉಳಿ ಇಟ್ಟು ಗೀರು ಹಾಕಿ ಹಾರೆಯಿಂದ ಮೀಟಬೇಕು ಎಂದು ಅವಳು ವಿವರಿಸಿದಳು. ಈಗ ಕೊರೆಯುವ ಯಂತ್ರ ಬಂದಿದೆ, ಆದರೂ ಸದ್ದು ಕೇಳುವುದು ಬಿಟ್ಟಿಲ್ಲವಂತೆ. "ನಮ್ಮಪ್ಪ ಕಿವಿಯಿಂದೇ ಕಲ್ಲ ನೋಡ್ತಾನ್ರಿ ಸರ್" ಎಂದಳು. ಮೂವತ್ತು ವರ್ಷ ಈ ನೆಲದಲ್ಲಿ ವಿಜ್ಞಾನ ಹೇಳಿದ ನನಗೆ ಇದು ಗೊತ್ತಿರಲಿಲ್ಲ.

ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯೊಂದರಲ್ಲಿ ಮಳೆನೀರು ನಿಂತು ಕೆರೆಯಂತಾಗಿತ್ತು. ಅಂಚಿಗೆ ಯಾರೂ ಹೋಗದಂತೆ ಹಗ್ಗ ಹಿಡಿದು ನಿಂತೆವು. ಇಂಥ ಹೊಂಡಗಳು ನೋಡಲು ಚೆಂದ, ಜಾರಿದರೆ ಮೆಟ್ಟಿಲಿಲ್ಲ. ನೀರಿನ ನಡುವೆ ಗುಳುಮುಳುಕ ಹಕ್ಕಿಗಳು ಮುಳುಗಿ ಏಳುತ್ತಿದ್ದವು. ಒಂದು ಮುಳುಗಿದರೆ ಎಲ್ಲಿ ಏಳುತ್ತದೆಂದು ಪಂದ್ಯ ಕಟ್ಟಿದ ಹುಡುಗರು ಫೋಟೋ ಮರೆತರು. ಮಿಂಚುಳ್ಳಿಯೊಂದನ್ನು ಹಿಡಿಯಹೋದವನಿಗೆ ಬರೀ ನೀರಿನ ಚಿತ್ರ ಬಂತು. ಅವನ ಒಂದು ಚಿತ್ರ ಖರ್ಚಾಯಿತು!

ವಾಡಿಯಲ್ಲಿ ಹೆಚ್ಚು ನಿಲ್ಲಲಿಲ್ಲ. ಮುಂಬಯಿ–ಚೆನ್ನೈ ಹಳಿಯಿಂದ ಹೈದರಾಬಾದಿನ ಹಳಿ ಕವಲೊಡೆಯುವ ಜಂಕ್ಷನ್ ಇದು. ನಿಜಾಮರ ಕಾಲದಲ್ಲಿ, 1874ರಲ್ಲಿ, ಇಲ್ಲಿಂದ ಸಿಕಂದರಾಬಾದಿಗೆ ರೈಲು ಓಡಿತು. ಮೇಲ್ಸೇತುವೆಯ ಮೇಲೆ ನಿಂತು ಸಿಮೆಂಟಿನ ಗೂಡ್ಸ್ ಗಾಡಿಯ ಡಬ್ಬಿ ಎಣಿಸಿ ಬಸ್ಸು ಹತ್ತಿದೆವು. ಶಹಾಬಾದಿನಲ್ಲಿ ನೊರೆ ಉಕ್ಕಿದ ಕಲ್ಲಿನ ಬಳಗವೇ ಇಲ್ಲಿ ಕುಲುಮೆಯಲ್ಲಿ ಬೆಂದು ಸಿಮೆಂಟಾಗುತ್ತದೆ ಎಂದಷ್ಟೇ ಹೇಳಿದೆ.

ನಾಲವಾರದ ಮೇಲೆ ಸನ್ನತಿಯ ದಾರಿ. ಎರಡೂ ಕಡೆ ತೊಗರಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಸಮಯಕ್ಕೆ ಕಾಯಿ ಬಲಿಯುತ್ತಿತ್ತು, ಅಲ್ಲಲ್ಲಿ ಇನ್ನೂ ಹಳದಿ ಹೂವು. ತಂತಿಯ ಮೇಲೆ ಕಾಜಾಣಗಳು ಕಾದು ಕುಳಿತು ಕಾಯಿಕೊರಕ ಹುಳುವಿನ ಪತಂಗಗಳನ್ನು ಗಾಳಿಯಲ್ಲೇ ಹಿಡಿಯುತ್ತಿದ್ದವು. ಬಸ್ಸು ನಿಲ್ಲಿಸಿ ಬದುವಿನ ಮೇಲೆ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದೆವು. ಹಕ್ಕಿಗಳಿಗೆ ನಮ್ಮ ಊಟದ ಗೊಡವೆಯಿರಲಿಲ್ಲ.

ಸನ್ನತಿ ಭೀಮಾ ನದಿಯ ದಡದ ಊರು. ಚಂದ್ರಲಾಂಬೆ ಇಲ್ಲಿ ನೆಲೆಸಿದ ದೇವಿ, ಕರ್ನಾಟಕ, ಮಹಾರಾಷ್ಟ್ರದ ಅನೇಕ ಮನೆತನಗಳ ಕುಲದೇವತೆ. ಋಷಿಪತ್ನಿಯನ್ನು ಅಪಹರಿಸಿದ ದುಷ್ಟ ರಾಜನ ಸೈನ್ಯದ ಮೇಲೆ ದೇವಿ ದುಂಬಿಗಳನ್ನು ಬಿಟ್ಟು ನಾಶ ಮಾಡಿದಳೆಂಬುದು ಸ್ಥಳಪುರಾಣ. ಈಗಷ್ಟೇ ತೊಗರಿ ಹೂವಿನ ಮೇಲೆ ಹೆಜ್ಜೇನು, ಬಡಿಗ ದುಂಬಿಗಳನ್ನು ಕಂಡು ಬಂದಿದ್ದ ಮಕ್ಕಳಿಗೆ ಕತೆ ಹಿಡಿಸಿತು. ಗರ್ಭಗುಡಿಯ ಕಡೆ ಮೊಬೈಲ್ ಎತ್ತಬಾರದೆಂದು ಮೊದಲೇ ಹೇಳಿದ್ದೆ. ಯಾವ ದೇವರ ಎದುರಾದರೂ ಅದೇ ನಿಯಮ. ನಮ್ಮ ಗುಂಪಿನಲ್ಲಿ ಗುಡಿಗೆ ಹೋಗುವವರು, ದರ್ಗಾಕ್ಕೆ ಹೋಗುವವರು, ವಿಹಾರಕ್ಕೆ ಹೋಗುವವರು ಎಲ್ಲರೂ ಇದ್ದರು.

ಈ ಗುಡಿಯ ಆವರಣದಲ್ಲೇ 1986ರಲ್ಲಿ ಒಂದು ಆಶ್ಚರ್ಯ ನಡೆಯಿತು. ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿಗೆ ಪೆಟ್ಟಾಯಿತು. ಮೂರ್ತಿಯ ಪೀಠಕ್ಕೆ ಬಳಸಿದ್ದ ಚಪ್ಪಡಿಯನ್ನು ಎತ್ತಿ ನೋಡಿದರೆ ಅದು ಅಶೋಕ ಚಕ್ರವರ್ತಿಯ ಶಾಸನ! ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ನಡುವೆ ಮೂರ್ತಿ ಕೂರಿಸಲು ಯಾರೋ ಚೌಕ ತೂತು ಕೊರೆದಿದ್ದರಿಂದ ಕೆಲವು ಅಕ್ಷರಗಳು ಹೋಗಿದ್ದವು. ಅವನ ಹದಿನಾಲ್ಕು ಶಿಲಾಶಾಸನಗಳಲ್ಲಿ ಹನ್ನೆರಡನೆಯದು ಮತ್ತು ಹದಿನಾಲ್ಕನೆಯದರ ಭಾಗಗಳು, ಜೊತೆಗೆ ಕಳಿಂಗದ ಪ್ರತ್ಯೇಕ ಶಾಸನಗಳೆಂದು ಹೆಸರಾದ ಎರಡು ಇದರಲ್ಲಿವೆ. ತನ್ನ ಮತವನ್ನಷ್ಟೇ ಹೊಗಳಿ ಪರರ ಮತವನ್ನು ಹಳಿಯಬಾರದು ಎಂಬುದು ಹನ್ನೆರಡನೆಯದರ ಆಶಯ. ದೇವಿಯ ಪೀಠದ ಕೆಳಗೆ ಬೌದ್ಧ ರಾಜನ ಮಾತು ಶತಮಾನಗಳ ಕಾಲ ಮಲಗಿತ್ತು.

"ಅಶೋಕ ಪ್ರಾಣಿಗಳ ಬಗ್ಗೇನೂ ಬರಸ್ಯಾನೇನ್ರಿ?" ಎಂದು ಒಬ್ಬ ಕೇಳಿದ. ಸನ್ನತಿಯ ಕಲ್ಲಿನಲ್ಲಿ ಅದಿಲ್ಲ. ಆದರೆ ಉತ್ತರದ ಸ್ತಂಭಶಾಸನವೊಂದರಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೇ ಇದೆ. ಗಿಳಿ, ಮೈನಾ, ಹಂಸ, ಬಾವಲಿ, ಆಮೆ, ಬಿಳಿ ಪಾರಿವಾಳ, ಊರ ಪಾರಿವಾಳ. "ಊರ ಪಾರಿವಾಳಾನೂ?" ಎಂದು ಹುಡುಗ ನಕ್ಕ. ಬರೆದುಕೊಂಡ.

ಅಲ್ಲಿಂದ ಕನಗನಹಳ್ಳಿ ಹತ್ತಿರ. 1994ರ ನಂತರ ಪುರಾತತ್ವ ಇಲಾಖೆ ಇಲ್ಲಿ ಅಗೆದಾಗ ಶಾತವಾಹನರ ಕಾಲದ ದೊಡ್ಡ ಸ್ತೂಪ ಬೆಳಕಿಗೆ ಬಂತು. ಅಧೋಲೋಕ ಮಹಾಚೈತ್ಯವೆಂದು ಅಲ್ಲಿನ ಶಾಸನಗಳೇ ಅದನ್ನು ಕರೆದಿವೆ. ಶಾತವಾಹನ ರಾಜರ ಚಿತ್ರಗಳು, ಜಾತಕ ಕತೆಗಳ ಫಲಕಗಳು, ಎಲ್ಲಕ್ಕಿಂತ ಮುಖ್ಯವಾಗಿ ರಾಣಿ ಮತ್ತು ಪರಿಚಾರಿಕೆಯರೊಡನೆ ನಿಂತ ರಾಜನೊಬ್ಬನ ಫಲಕ. ಅದರ ಮೇಲೆ ಬ್ರಾಹ್ಮಿಯಲ್ಲಿ "ರಾಯ ಅಸೋಕೋ" ಎಂದು ಕೆತ್ತಿದೆ. ಹೆಸರು ಬರೆದಿರುವುದರಿಂದ ಇವನೇ ಅಶೋಕನೆಂದು ಸಂಶಯವಿಲ್ಲದೆ ಹೇಳಬಹುದಾಯಿತು. ಪಠ್ಯಪುಸ್ತಕದಲ್ಲಿ ದೂರದ ಪಾಟಲಿಪುತ್ರದವನಾಗಿದ್ದ ರಾಜ ನಮ್ಮ ತಾಲ್ಲೂಕಿನಲ್ಲಿ ಸಿಕ್ಕನಲ್ಲ ಎಂದು ಮಕ್ಕಳು ಬೆರಗಾದರು.

ಆ ಶಿಲ್ಪಗಳೂ ಸುಣ್ಣದ ಕಲ್ಲಿನವೇ. ಆಮ್ಲದ ಬಾಟಲಿ ಎಲ್ಲಿದೆಯೆಂದು ಒಬ್ಬ ನನ್ನ ಜೇಬು ನೋಡಿದ. ನಾನು ಜೇಬಿನ ಮೇಲೆ ಕೈಯಿಟ್ಟು, "ತಮ್ಮಾ, ಒಂದು ಹನಿ ಬಿದ್ರ ಎರಡು ಸಾವಿರ ವರ್ಷದ ಮುಖ ಹೋಗ್ತದ" ಎಂದು ಗದರಿದೆ. ಅಷ್ಟರಲ್ಲಿ ಗಣಿ ಕೆಲಸದವನ ಮಗಳು ಎಲ್ಲರಿಂದ ಬೇರೆಯಾಗಿ ಒಂದು ಫಲಕದ ಹಿಂಬದಿಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಮುಂದೆ ಬೆಣ್ಣೆಯಂತೆ ನಯ, ಹಿಂದೆ ಒರಟು. "ಉಳಿ ಏಟು ಇಲ್ಲಿ ಕಾಣ್ತಾವ್ರಿ ಸರ್. ಎಡಗಡಿಂದ ಹೊಡದಾರ" ಎಂದಳು. ತನ್ನ ಪಾಲಿನ ಎರಡೂ ಚಿತ್ರಗಳನ್ನು ಅವಳು ಆ ಹಿಂಬದಿಗೇ ಖರ್ಚು ಮಾಡಿದಳು. ಮುಂದಿನ ಶಿಲ್ಪದ್ದೊಂದಾದರೂ ತೆಗೆದುಕೋ ಎಂದು ಕನ್ನಡ ಟೀಚರ್ ಹೇಳಿದರೂ ಕೇಳಲಿಲ್ಲ.

ರಾತ್ರಿ ಚಿತ್ತಾಪುರದಲ್ಲಿ ಶಾಲೆಯೊಂದರ ಕೋಣೆಗಳಲ್ಲಿ ಮಲಗಿದೆವು. ಬೆಳಿಗ್ಗೆ ಮಂಜಿನಲ್ಲೇ ನಾಗಾವಿಗೆ ನಡೆದೆವು. ಇಂದು ಅದು ಯಲ್ಲಮ್ಮನ ಕ್ಷೇತ್ರವೆಂದೇ ಪ್ರಸಿದ್ಧ. ಹನ್ನೊಂದನೇ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲಕ್ಕೆ, ಇಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ಅರವತ್ತು ಕಂಬದ ಗುಡಿಯ ಸಾಲುಗಳಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿರಲು 1058ರ ಶಾಸನದ ವಿಷಯ ಹೇಳಿದೆ. ವೇದ, ಶಾಸ್ತ್ರ ಓದುವ ವಿದ್ಯಾರ್ಥಿಗಳಿಗೂ ಗುರುಗಳಿಗೂ ದತ್ತಿ ಬಿಟ್ಟದ್ದಲ್ಲದೆ, ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರನ್ನು ನೇಮಿಸಿದ್ದರು. ನಮ್ಮ ಶಾಲೆಯ ಗ್ರಂಥಾಲಯವೆಂದರೆ ಒಂದು ಅಲ್ಮಾರಿ. ಅದರ ಕೀಲಿ ನನ್ನ ಬಳಿ. ವಾರಕ್ಕೊಮ್ಮೆ ತೆಗೆದರೆ ದೊಡ್ಡದು. ಇದನ್ನು ಮಕ್ಕಳು ನನಗಿಂತ ಮೊದಲು ನೆನೆಸಿಕೊಂಡು ಮುಸಿಮುಸಿ ನಕ್ಕರು.

ಮಳಖೇಡ ಕಾಗಿಣಾ ನದಿಯ ದಡದಲ್ಲಿದೆ. ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ, "ಕವಿರಾಜಮಾರ್ಗ" ಹುಟ್ಟಿದ ಆಸ್ಥಾನ. ಕನ್ನಡ ಟೀಚರ್ ತಮ್ಮ ಪಾಲಿನದನ್ನು ಹೇಳಿದ ಮೇಲೆ ನಾನು ನನ್ನ ಪಾಲಿನದನ್ನು ಸೇರಿಸಿದೆ. ಮಹಾವೀರಾಚಾರ್ಯನ "ಗಣಿತಸಾರಸಂಗ್ರಹ" ಇದೇ ಅಮೋಘವರ್ಷನನ್ನು ಹೊಗಳಿ ಆರಂಭವಾಗುತ್ತದೆ. ಖಗೋಳದ ಜೊತೆ ಬೆರೆಸದೆ ಗಣಿತವನ್ನೇ ಪ್ರತ್ಯೇಕವಾಗಿ ಹೇಳಿದ ಗ್ರಂಥ. 972ರಲ್ಲಿ ಮಾಳವದ ಪರಮಾರ ಸೀಯಕ ಈ ನಗರವನ್ನು ಸೂರೆ ಮಾಡಿದ. ನೇಮಿನಾಥ ಬಸದಿ, ಟೀಕಾಚಾರ್ಯ ಜಯತೀರ್ಥರನ್ನು ನೆನೆದು ಭಕ್ತರು ಬರುವ ಉತ್ತರಾದಿ ಮಠ, ಹೊಳೆಯಂಚಿನ ಕೋಟೆ ಇವೆಲ್ಲ ಒಂದು ಗಂಟೆಯ ನಡಿಗೆಯಲ್ಲಿವೆ.

ಕೋಟೆಯ ಹೊರಗೆ, ಬಾರೆ ಕಂಟಿಯೊಂದರಲ್ಲಿ, ಬೆಳವದ ಗೂಡಿತ್ತು. ಬೆಳವ ವರ್ಷದ ಯಾವ ತಿಂಗಳಲ್ಲಾದರೂ ಗೂಡು ಕಟ್ಟುತ್ತದೆ. ಗೂಡೆಂದರೆ ನಾಲ್ಕು ಕಡ್ಡಿ, ಕೆಳಗಿನಿಂದ ನೋಡಿದರೆ ಮೊಟ್ಟೆ ಕಾಣುವಷ್ಟು ತೆಳ್ಳಗೆ. ನಾನು ದೂರದಲ್ಲಿ ನೀರು ಕುಡಿಯುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಐದಾರು ಹುಡುಗರು ಕಂಟಿಯ ಸುತ್ತ ಸೇರಿದ್ದರು. ತಾಯಿ ಹಕ್ಕಿ ಹಾರಿಹೋಗಿತ್ತು. ಒಬ್ಬ ಮುಳ್ಳು ಟೊಂಗೆ ಹಿಡಿದು ಬಗ್ಗಿಸಿದ್ದ, ಇನ್ನೊಬ್ಬ ನನ್ನದೇ ಕ್ಯಾಮೆರಾ ಹಿಡಿದಿದ್ದ. ಬೆಳಕು ಸಾಲದೆಂದು ಟೊಂಗೆ ಮುರಿಯಲು ಮೂರನೆಯವನು ಕೈ ಹಾಕಿದ್ದ.

ಜೋರಾಗಿ ಕೂಗಿದೆ. ಎರಡು ದಿನದಲ್ಲಿ ನಾನು ಹಾಗೆ ಕೂಗಿದ್ದು ಅದೊಂದೇ ಸಲ. ಟೊಂಗೆ ಬಿಡಿಸಿ, ಎಲ್ಲರನ್ನೂ ಐವತ್ತು ಹೆಜ್ಜೆ ಆಚೆ ಒಯ್ದು ಕೋಟೆಯ ಕಲ್ಲಿನ ಮೇಲೆ ಕೂರಿಸಿದೆ. ಬೈಯಬೇಕೆಂದೇ ಹೋದವನು. ಆದರೆ ಟೊಂಗೆ ಹಿಡಿದಿದ್ದ ಹುಡುಗನ ಕೈಗೆ ಮುಳ್ಳು ಚುಚ್ಚಿ ರಕ್ತ ಬಂದಿತ್ತು. ಅದನ್ನು ಅವನು ಅಂಗಿಯಲ್ಲಿ ಮುಚ್ಚಿಕೊಳ್ಳುತ್ತಿದ್ದ. ಅದನ್ನು ನೋಡಿ ಮೂವತ್ತು ವರ್ಷದಿಂದ ಯಾರಿಗೂ ಹೇಳದಿದ್ದ ಮಾತು ಬಾಯಿಗೆ ಬಂತು.

ಆಗ ನನಗೆ ಹೊಸದಾಗಿ ನೌಕರಿ. ಏಪ್ರಿಲ್ ತಿಂಗಳು. ಹೊಲದ ಬದುವಿನ ಕಂಟಿಯಲ್ಲಿ ಪಿಕಳಾರ ಹಕ್ಕಿ ಮರಿ ಮಾಡಿತ್ತು. ಮೂರು ಮರಿ, ಬಾಯಿ ತೆರೆದರೆ ಕೆಂಪು. ರೀಲಿನಲ್ಲಿ ನಾಲ್ಕೇ ಚಿತ್ರ ಉಳಿದಿದ್ದವು. ನೆರಳು ಬೀಳುತ್ತಿತ್ತೆಂದು ಮೂರು ಟೊಂಗೆ ಕತ್ತರಿಸಿದೆ. ಚಿತ್ರ ಬಹಳ ಚೆನ್ನಾಗಿ ಬಂತು. ಮರುದಿನ ಹೋಗಿ ನೋಡಿದರೆ ಗೂಡು ಖಾಲಿ. ಕಾಗೆಯೋ, ಬಿಸಿಲೋ, ಯಾವುದು ಮೊದಲು ತಲುಪಿತೋ. ಮರೆ ತೆಗೆದವನು ನಾನು. ಆ ಚಿತ್ರ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಗೋಡೆಗೆ ಹಾಕಿಲ್ಲ, ಹರಿದೂ ಹಾಕಿಲ್ಲ.

ಮಕ್ಕಳು ಮಾತಾಡಲಿಲ್ಲ. ಕಾಲು ಗಂಟೆ ಅಲ್ಲೇ ಕುಳಿತು ಕಾದೆವು. ಮಧ್ಯೆ ಸನ್ನತಿಯಲ್ಲಿ ನಕ್ಕಿದ್ದ ಹುಡುಗ ನೋಟ್‌ಬುಕ್ ತಿರುವಿ, "ಸರ್, ಅಶೋಕನ ಪಟ್ಟಿಯಾಗ ಇದೂ ಬರ್ತದೇನ್ರಿ?" ಎಂದು ಮೆಲ್ಲಗೆ ಕೇಳಿದ. ಬೆಳವ ಪಾರಿವಾಳದ ಬಳಗವೇ ಎಂದೆ. ಕೊನೆಗೆ ಹಕ್ಕಿ ಮೊದಲು ಗೋಡೆಗೆ, ಆಮೇಲೆ ಪಕ್ಕದ ಕಂಟಿಗೆ, ಬಹಳ ಹೊತ್ತಿನ ಮೇಲೆ ಗೂಡಿಗೆ ಬಂದು ಕೂತಿತು. ಯಾರೂ ಕ್ಯಾಮೆರಾ ಕೇಳಲಿಲ್ಲ. ಬಸ್ಸಿನ ಚಾಲಕ ಹಾರ್ನ್ ಬಾರಿಸಬಹುದೆಂದು ಒಬ್ಬನನ್ನು ಓಡಿಸಿ ಬೇಡವೆಂದು ಹೇಳಿಸಿದೆವು.

ಸೇಡಂನಲ್ಲಿ ಪಂಚಲಿಂಗೇಶ್ವರ ಗುಡಿ ನೋಡಿ, ಚಹಾ ಕುಡಿದು ಉತ್ತರಕ್ಕೆ ತಿರುಗಿದೆವು. ಚಿಂಚೋಳಿ ದಾಟಿದಂತೆ ನೆಲ ಬಣ್ಣ ಬದಲಿಸುತ್ತದೆ. ಕಪ್ಪು ಹೋಗಿ ಕೆಂಪು. ಜಂಬಿಟ್ಟಿಗೆ ಕಲ್ಲು. ಹುಡುಗರು ತಾವೇ ಬಾಟಲಿ ಕೇಳಿ ಹನಿ ಬಿಟ್ಟರು. ನೊರೆ ಇಲ್ಲ. ಇದರಲ್ಲಿ ಸುಣ್ಣವಿಲ್ಲ, ಕಬ್ಬಿಣದ ತುಕ್ಕು. ತೊಗರಿಗೆ ಒಗ್ಗುವ ಎರೆಮಣ್ಣು ಇದ್ದಿದ್ದರೆ ಈ ಕಾಡು ಎಂದೋ ಹೊಲವಾಗುತ್ತಿತ್ತೆಂದು ನನ್ನ ಎಣಿಕೆ. ಸಾಗವಾನಿ, ಮುತ್ತುಗ, ಶ್ರೀಗಂಧ ಬೆಳೆಯುವ ಈ ಕುಂಚಾವರಂ ಕಾಡಿನ 134.88 ಚದರ ಕಿಲೋಮೀಟರನ್ನು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವೆಂದು ಸಾರಲಾಯಿತು. ಬಯಲುಸೀಮೆಯ ನಮಗೆ ಇಷ್ಟು ಹಸಿರು ಜಿಲ್ಲೆಯಲ್ಲೇ ಇದೆಯೆಂದು ನಂಬುವುದು ಕಷ್ಟ. ಒಳಗೆ ಲಂಬಾಣಿ ತಾಂಡಾಗಳೂ ಇವೆ. ನಮ್ಮ ಇಬ್ಬರು ಮಕ್ಕಳ ಬಂಧುಗಳು ಒಂದು ತಾಂಡಾದಲ್ಲಿ ಸಿಕ್ಕು ಎಲ್ಲರಿಗೂ ನೀರು ಕೊಟ್ಟರು.

ಕೃಷ್ಣಮೃಗ, ತೋಳ, ಕತ್ತೆಕಿರುಬ ಇರುವ ಕಾಡಿದು. ನಲವತ್ತೆರಡು ಮಕ್ಕಳ ಗದ್ದಲಕ್ಕೆ ಅವು ಕಾಣುತ್ತವೆಯೇ? ಅರಣ್ಯ ರಕ್ಷಕರು ದಾರಿಯಂಚಿನಲ್ಲಿ ಬಿಳಿಯ ಗುಂಡುಗಳನ್ನು ತೋರಿಸಿದರು. ಸುಣ್ಣದ ಉಂಡೆಯೆಂದೇ ಎಲ್ಲರೂ ತಿಳಿದರು. ಅದು ಕತ್ತೆಕಿರುಬದ ಹಿಕ್ಕೆ. ಎಲುಬನ್ನು ಅಗಿದು ಅರಗಿಸುವ ಪ್ರಾಣಿಯಾದ್ದರಿಂದ ಒಣಗಿದ ಮೇಲೆ ಬೆಳ್ಳಗಾಗುತ್ತದೆ. ರಕ್ಷಕರ ಒಪ್ಪಿಗೆ ಪಡೆದು ಅದರ ಮೇಲೂ ಒಂದು ಹನಿ ಬಿಟ್ಟೆವು. ಮೂಗು ಮುಚ್ಚಿ ಬಗ್ಗಿ ನೋಡಿದವರಿಗೆ ಮಾತ್ರ ಕಾಣುವಷ್ಟು ಸಣ್ಣ ಗುಳ್ಳೆ. ಎಲುಬಿನಲ್ಲಿ ಫಾಸ್ಫೇಟ್ ಹೆಚ್ಚು, ಕಾರ್ಬೊನೇಟ್ ಅಲ್ಪ. ಶಹಾಬಾದಿನ ನೊರೆ ಎಲ್ಲಿಂದ ಎಲ್ಲಿಗೆ ಬಂತು ನೋಡಿ! ಹನ್ನೊಂದು ಮಂದಿ ತಮ್ಮ ಕೊನೆಯ ಚಿತ್ರವನ್ನು ಹಿಕ್ಕೆಗೆ ಕೊಟ್ಟರು.

ಚಂದ್ರಂಪಳ್ಳಿ ಜಲಾಶಯದ ಹತ್ತಿರ ತಂತಿಯ ಮೇಲೆ ನೀಲಕಂಠ ಹಕ್ಕಿ ಕುಳಿತಿತ್ತು. ನಮ್ಮ ರಾಜ್ಯಪಕ್ಷಿ, ಪಕ್ಕದ ತೆಲಂಗಾಣದ್ದೂ ಅದೇ. ಹಾರಿದಾಗ ರೆಕ್ಕೆಯ ನೀಲಿ ತೆರೆದುಕೊಂಡು ಎಲ್ಲರೂ "ಹೋ" ಎಂದರು. ಗಡಿ ಹತ್ತಿರವೇ ಇದ್ದುದರಿಂದ ಅದು ಯಾವ ರಾಜ್ಯದ ಪಕ್ಷಿಯೆಂದು ಜಗಳವೂ ಆಯಿತು. ಗೊಟ್ಟಂಗೊಟ್ಟದ ಬಕ್ಕಪ್ರಭುವಿನ ಗುಡಿ ಕಾಡಿನ ನಡುವೆಯೇ ಇದೆ. ಅಲ್ಲಿ ಮುಶ್ಯಾಗಳ ಹಿಂಡು. ತಿನ್ನಿಸಿ ಫೋಟೋ ತೆಗೆಯುವುದು ಬೇಡವೆಂದಿದ್ದೆ. ಯಾರೂ ತಿನ್ನಿಸಲಿಲ್ಲ, ಒಂದು ಮುಶ್ಯಾ ತಾನೇ ಬಂದು ಹಿಂದಿ ಮೇಷ್ಟ್ರ ರೊಟ್ಟಿಗಂಟು ಎತ್ತಿಕೊಂಡು ಹೋಯಿತು. ಎತ್ತಿಪೋತ ಜಲಪಾತಕ್ಕೆ ಹೋಗುವಷ್ಟರಲ್ಲಿ ಹೊತ್ತು ಇಳಿಯಿತು. ಎತ್ತಿ ಹೊಯ್ಯುವುದು ಎಂದು ತೆಲುಗಿನಲ್ಲಿ ಅರ್ಥ. ಡಿಸೆಂಬರಿನಲ್ಲಿ ಹೊಯ್ಯಲು ನೀರು ಹೆಚ್ಚಿರಲಿಲ್ಲ. ನೋಡುವವರು ಮಳೆಗಾಲದ ಕೊನೆಗೆ ಹೋಗಬೇಕು.

ಹೋಗಬಯಸುವ ಶಾಲೆಗಳಿಗೆ ಎರಡು ಮಾತು. ಶಹಾಬಾದ್, ವಾಡಿ, ನಾಲವಾರ, ಚಿತ್ತಾಪುರ, ಸೇಡಂಗಳಿಗೆ ರೈಲಿದೆ. ಸನ್ನತಿಗೆ ನಾಲವಾರದಿಂದ ರಸ್ತೆ. ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ. ವನ್ಯಜೀವಿಧಾಮಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಗಣಿಯ ಹೊಂಡಗಳ ಹತ್ತಿರ ಹಗ್ಗ ಮರೆಯಬೇಡಿ.

ಮರಳಿ ಬಂದ ಮೇಲೆ ಚಿತ್ರಗಳನ್ನು ಅಚ್ಚು ಹಾಕಿಸಿ, ಅರಮನೆಯ ಫೋಟೋಗಳನ್ನು ಸರಿಸಿ, ಅದೇ ಗೋಡೆಗೆ ಹಚ್ಚಿದೆವು. ಎಂಬತ್ನಾಲ್ಕಾಗಬೇಕಿತ್ತು, ಎಣಿಸಿದರೆ ಎಂಬತ್ತಮೂರು. ಮುಳ್ಳು ಚುಚ್ಚಿಸಿಕೊಂಡ ಹುಡುಗ ತನ್ನ ಎರಡನೆಯದನ್ನು ತೆಗೆದೇ ಇರಲಿಲ್ಲ. ಆ ಜಾಗಕ್ಕೆ ಖಾಲಿ ಹಾಳೆಯ ಮೇಲೆ ಬೆಳವದ ಬಗ್ಗೆ ತನ್ನ ಐದು ಸಾಲು ಬರೆದು ತಂದು ಅಂಟಿಸಿದ. ಅದರಲ್ಲಿ ಮೂರು ಕಾಗುಣಿತದ ತಪ್ಪಿದ್ದವು. ಕನ್ನಡ ಟೀಚರ್ ತಿದ್ದಲು ಪೆನ್ನು ತೆಗೆದು, ಮತ್ತೆ ಜೇಬಿಗಿಟ್ಟುಕೊಂಡರು. ಗಣಿ ಕೆಲಸದವನ ಮಗಳ ಚಿತ್ರ ನೋಡಲು ಅವಳ ತಂದೆ ಒಂದು ದಿನ ಕೆಲಸ ಬಿಟ್ಟು ಬಂದ. ಫಲಕದ ಹಿಂಬದಿಯನ್ನು ಬಹಳ ಹೊತ್ತು ನೋಡಿ, "ಇಂವ ಎಡಗೈಯವ ಇರ್ಬೇಕ್ರಿ ಸರ್" ಎಂದ.